ಹಳೀ ಸಾಮಾನು ತಗೊಂಡ್ರ ಮರ್ಯಾದಿ ಹೋಗಂಗಿಲ್ಲ



ತೊಗರಿ ರಾಶಿ ಮುಗದು, ಕಡ್ಲಿ ಮನಿ ಸೇರಿ, ಕೈಯಾಗ ನಾಕು ರೊಕ್ಕ ಆಡೋ ಹೊತ್ತಿಗಿ ನಮ್ಮ ಕಡಿ ಎರಡು ನಮೂನಿ ರೈತರು ಕಾಣ್ತಾರ. ಒಬ್ಬಾವ ಶೋರೂಮಿಗಿ ಹೋಗ್ತಾನ. ಇನ್ನೊಬ್ಬಾವ ಭಂಗಾರ ಅಂಗಡಿಗಿ ಹೋಗ್ತಾನ. ಶೋರೂಮಿಗಿ ಹೋದಾವ ಹೊಸ ಗಾಡಿಗಿ ಹೂವಿನ ಹಾರ ಹಾಕಿ, ಗಾಣಗಾಪುರಕ್ಕೋ ಘತ್ತರಗಿಗೋ ಒಯ್ದು ಪೂಜಿ ಮಾಡಿಸಿ, ಊರಾಗೆಲ್ಲ ಪೇಢಾ ಹಂಚ್ತಾನ. ಭಂಗಾರ ಅಂಗಡಿಗಿ ಹೋದಾವ ಮಾತ್ರ ಕತ್ತಲಾಗೋ ತನಕ ಕಾದು, ಸಾಮಾನಿನ ಮ್ಯಾಲ ತಟ್ಟು ಹೊಚ್ಚಿ ಮನಿಗಿ ತರ್ತಾನ. ಮಂದಿ ನೋಡಿದ್ರ ಏನಂದಾರು ಅಂತ.

ನಾನು ಎರಡನೇ ಪಂಗಡದಾವ. ಆದ್ರ ಹಾಡೇ ಹಗಲಿ ತರ್ತೀನಿ, ತಟ್ಟು ಹೊಚ್ಚಂಗಿಲ್ಲ. ಅಗಸಿ ಕಟ್ಟಿ ಮ್ಯಾಲ ಕುಂತವರು “ಏನ್ ಕಾಕಾ, ಮತ್ತ ಮ್ಯೂಸಿಯಂ ತುಂಬಿದ್ಯಲ್ಲ” ಅಂತ ನಗ್ತಾರ. ನಗಲಿ. ಜೂನ್ ತಿಂಗಳಾಗ ಅವರೇ “ಕಾಕಾ, ಜರಾ ನಿನ್ನ ಕುಂಟಿ ಕೊಡು” ಅಂತ ಬರ್ತಾರ.

ನಂದು ಅಫಜಲಪುರ ತಾಲೂಕಿನಾಗ ನಾಕೂವರಿ ಎಕರೆ. ಮೂರು ಎಕರೆ ಕರಿ ನೆಲ, ಮಳಿ ನಂಬಿದ ತೊಗರಿ. ಉಳಿದದ್ದು ಬಾವಿ ಕೆಳಗಿಂದು. ಜೋಡೆತ್ತು ಅವ. ಎಸ್ಸೆಸ್ಸೆಲ್ಸಿ ಪಾಸ್ ಆದ ವರ್ಷದಿಂದ ಇದೇ ಹೊಲದಾಗ ಅದೀನಿ. ಮನಿಯಾಗಿನ ಕಬ್ಬಿಣದ ಸಾಮಾನಿನಾಗ ಅರ್ಧಕ್ಕಿಂತ ಹೆಚ್ಚು ನನಗಿಂತ ಮೊದಲು ಇನ್ನೊಬ್ಬರ ಕೈಯಾಗ ದುಡದು ಬಂದದ್ದು. ಇದನ್ನ ನಾನು ಕಷ್ಟ ಅಂತ ಹೇಳ್ಲತ್ತಿಲ್ಲ. ಇದು ನನಗ ಖುಷಿ ಕೊಡೋ ಕೆಲಸ, ಅದನ್ನೇ ಹೇಳ್ಬೇಕಂತ ಬರೀಲತ್ತೀನಿ. ಅದರ ಜೋಡಿ ಒಂದು ಖಾರದ ಮಾತೂ ಅದ, ಅದು ಆಮ್ಯಾಲ.

ಖುಷಿ ಯಾವುದು ಅಂದ್ರ ಹುಡುಕೋದು. ಶೋರೂಮಿನಾಗ ಹುಡುಕೋದು ಏನೂ ಇರಂಗಿಲ್ಲ. ರೊಕ್ಕ ಕೊಟ್ಟಿ, ಸಾಮಾನು ಬಂತು, ಮುಗೀತು. ಭಂಗಾರ ಅಂಗಡಿ ಹಂಗಲ್ಲ. ಕಲಬುರಗಿ ಆಗ್ಲಿ, ಸೊಲ್ಲಾಪುರ ಆಗ್ಲಿ, ನಮ್ಮ ಜೇವರ್ಗಿ, ಆಳಂದ ರೋಡ್ ದಂಡಿ ಆಗ್ಲಿ, ಒಂದು ಅಂಗಡಿ ಹೊಕ್ಕರ ಮೊದಲು ಕಣ್ಣಿಗಿ ಬೀಳೋದು ಬರೇ ಜಂಗು. ಮುರದ ಸೈಕಲ್, ಒಡದ ಕೂಲರ್, ಎಲುವಿನಂಗ ಬಿದ್ದ ಕಿಟಕಿ ಸಳಿ. ಹತ್ತು ನಿಮಿಷ ಸುಮ್ಮನ ನಿಂತ್ರ ಕಣ್ಣು ಪಳಗ್ತದ. ಆಗ ಆ ಗುಡ್ಡಿಯೊಳಗಿಂದ ಒಂದು ಕುಂಟಿ ತಾಳು ಕಾಣ್ತದ, ಒಂದು ಒಳ್ಳೆ ಎರಕದ ಪುಲ್ಲಿ ಕಾಣ್ತದ, ಯಾರದೋ ಕಣಿಕಿ ಕತ್ತರಿಸೋ ಮಷಿನ್ ಒಂದು ಗಾಲಿ ಮ್ಯಾಲ ಮಾಡಿ ನಗತಿರ್ತದ. ಎದಿ ಡವ್ ಅಂತದ. ಆದ್ರ ಮುಖದ ಮ್ಯಾಲ ತೋರಿಸ್ಬಾರದು. ತೋರಿಸಿದ್ರ ಅಂಗಡಿ ಚಾಚಾ 200 ರೂಪಾಯಿ ಏರಿಸ್ತಾನ.

ಅದಕ್ಕೇ ನಾನು ಮೊದಲು ಬ್ಯಾಡಾದ ಸಾಮಾನು ಕೈಯಾಗ ಹಿಡದು ರೇಟ್ ಕೇಳ್ತೀನಿ. ಮುರದ ಬಕೇಟು, ಹಳೀ ಚೈನು. ಆಮ್ಯಾಲ ಹೊರಡುವಾಗ “ಅದೇನು ಬಿದ್ದದಲ್ಲ ಚಾಚಾ, ಅದಕೇನಂತಿ” ಅಂತ ಕಾಲಿಲೆ ತೋರಿಸ್ತೀನಿ. ಚಾಚಾಗೂ ಗೊತ್ತು ನಾನು ಅದಕ್ಕೇ ಬಂದೀನಿ ಅಂತ. ಇಪ್ಪತ್ತು ವರ್ಷದ ಪರಿಚಯ. “ಅಣ್ಣಾ, ನೀ ಮುರದ ಬಕೇಟು ಕೇಳಿದಾಗಲೇ ನನಗ ತಿಳೀತು ಇವತ್ತು ಯಾವುದಕ್ಕೋ ಕಣ್ಣು ಹಾಕೀದಿ ಅಂತ” ಅಂತಾನ. ಇಬ್ಬರೂ ನಕ್ಕು, ಚಹಾ ಕುಡದು, ಆಮ್ಯಾಲ ಮುಖ ಗಂಟು ಹಾಕಿ ಚೌಕಾಸಿ ಮಾಡ್ತೀವಿ. ಇದು ಒಂದು ಆಟ. ಮೊಬೈಲಿನಾಗ ಒತ್ತಿ ತರಿಸಿದ ಸಾಮಾನಿನಾಗ ಈ ಆಟ ಇಲ್ಲ.

ನನ್ನ ಹತ್ರ ಒಂದು ಕಬ್ಬಿಣದ ನೇಗಿಲು ಅದ, ಕಿರ್ಲೋಸ್ಕರ್ ಮಾಲು, ಎರಕದ ಅಕ್ಷರ ಇನ್ನೂ ಓದ್ಲಾಕ ಬರ್ತದ. ತೂಕದ ಮ್ಯಾಲ ತಂದದ್ದು, ಗಟ್ಟಿ ಕಬ್ಬಿಣ. ಈ ನೇಗಿಲಿನ ಕತಿ ನಮ್ಮ ಕರ್ನಾಟಕದ್ದೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಾಗ 1888ರಾಗ ಸೈಕಲ್ ಅಂಗಡಿ ಇಟ್ಟಿದ್ರು. ಮುಂದ 1903ರಾಗ ಕಬ್ಬಿಣದ ನೇಗಿಲು ಮಾಡಿದ್ರು. ರೈತರು ತಗೋಳಿಲ್ಲ. ಕಬ್ಬಿಣ ಮುಟ್ಟಿದ್ರ ಭೂಮಿಗಿ ವಿಷ ಏರ್ತದ ಅಂತ ಅಂಜಿದ್ರು. ಮೊದಲಿನ ನೇಗಿಲು ಮಾರೋಕೇ ಎರಡು ವರ್ಷ ಹಿಡೀತು. ಆಮ್ಯಾಲ 1910ರಾಗ ಈಗಿನ ಸಾಂಗ್ಲಿ ಜಿಲ್ಲಾದಾಗ ಕಿರ್ಲೋಸ್ಕರವಾಡಿ ಅಂತ ಕಾರಖಾನಿ ಊರೇ ಎದ್ದಿತು. ಅಂದ್ರ, ಹೊಸಾದು ತಗೋಳ್ಳಾಕ ನಾಚಿದ ರೈತರ ಮೊಮ್ಮಕ್ಕಳು ಈಗ ಹಳೇದು ತಗೋಳ್ಳಾಕ ನಾಚ್ತಾರ. ನನಗ ಇದು ನೆನಪಾದಾಗೆಲ್ಲ ನಗಿ ಬರ್ತದ.

ಇನ್ನ ನಮ್ಮ ಊರ ಕಂಬಾರ. ಅವನ ಹತ್ರ ಹೋಗಿ ಕುಡಗೋಲಿಗಿ ಹೊಸ ಕಬ್ಬಿಣದ ಪಟ್ಟಿ ಕೊಟ್ರ ಮುಖ ಸಿಂಡರಿಸ್ತಾನ. ಹಳೀ ಲಾರಿ ಸ್ಪ್ರಿಂಗ್ ಪಟ್ಟಿ ತಾ ಅಂತಾನ. ಖರೇನೇ. ಸ್ಪ್ರಿಂಗ್ ಪಟ್ಟಿ ಉಕ್ಕು, ಅದರಾಗ ಇಂಗಾಲದ ಅಂಶ ಹೆಚ್ಚು, ಕಾಯಿಸಿ ಎಣ್ಣ್ಯಾಗ ಅದ್ದಿದ್ರ ಧಾರಿ ಹಿಡದು ನಿಲ್ತದ. ಮೆತ್ತಗಿನ ಹೊಸ ಪಟ್ಟಿ ಎರಡು ಸಾಲು ಕೊಯ್ಯೋದ್ರಾಗ ಮೊಂಡಾಗ್ತದ. ಹಿಂಗ, ಎಷ್ಟೋ ಕಡಿ ಹಳೇದು ಸೋವಿ ಅಷ್ಟೇ ಅಲ್ಲ, ಮಾಲೂ ಮ್ಯಾಲಿನದೇ.

ಹೆಣ್ಣಮಕ್ಕಳು ಈ ಲೆಕ್ಕದಾಗ ನಮಗಿಂತ ಶಾಣ್ಯಾರು, ಅವರಿಗಿ ನಾಚಿಕಿ ಇಲ್ಲ. ಹಳೀ ಸೀರಿ ಎಲ್ಲಾ ಸೇರಿಸಿ ಕೌದಿ ಹೊಲೀತಾರ. ನಮ್ಮ ಅವ್ವ ಹೊಲದ ಕೌದಿ ಇನ್ನೂ ಅದ, ಅದರಾಗ ನಮ್ಮ ದೊಡ್ಡವ್ವನ ಇಳಕಲ್ ಸೀರಿ ಸೆರಗೂ ಅದ. ಹರಿಯದ ಅರಬಿ ಇದ್ರ ಬಾಂಡೆ ಮಾರೋಕಿ ಬಂದಾಗ ಕೊಟ್ಟು ಸ್ಟೀಲ್ ಡಬ್ಬಿ ತಗೋತಾರ. ಒಂದು ಪ್ಯಾಂಟಿಗಿ ಒಂದು ಡಬ್ಬಿ ಬರಂಗಿಲ್ಲ, ಎರಡು ಪ್ಯಾಂಟು ಒಂದು ಸೀರಿ ತಾ ಅಂತ ಆಕಿ, ಮುಚ್ಚಳ ಬ್ಯಾರೆ ಕೊಡು ಅಂತ ಈಕಿ. ಮುಂಜಾನಿ ಶುರುವಾದ್ರ ಮಧ್ಯಾಹ್ನ ಆಗ್ತದ. ನನ್ನ ಚೌಕಾಸಿ ಅದರ ಮುಂದ ಏನೂ ಅಲ್ಲ.

ತಂಗಿ ಮಗಳು ಬೆಂಗಳೂರಿನಾಗ ಕಂಪನಿಯಾಗ ಅದಾಳ. ದೀಪಾವಳಿಗಿ ಬಂದಾಗ ಒಂದು ಜೀನ್ಸ್ ಕೋಟು ಹಾಕೊಂಡಿದ್ಳು. ಮೊಣಕೈ ಹತ್ರ ಮಾಸಿತ್ತು. “ಮಾಮಾ, ಇದು ಥ್ರಿಫ್ಟ್ ಮಾಡಿದ್ದು” ಅಂದ್ಳು. ಹಂಗಂದ್ರ ಏನವ್ವಾ ಅಂತ ಕೇಳಿದ್ರ, ಇನ್ನೊಬ್ಬರು ಹಾಕಿ ಬಿಟ್ಟದ್ದನ್ನ ಆರಿಸಿ ಸೋವಿಗಿ ತಗೋಳೋದು, ಈಗ ಅದೇ ಫ್ಯಾಷನ್ ಅಂತ. ಅಮೆರಿಕದಾಗ ಇಂಥಾ ಅಂಗಡಿ ದೊಡ್ಡ ದೊಡ್ಡವು ಅವಂತ. ಗುಡ್‌ವಿಲ್ ಅನ್ನೋ ಸಂಸ್ಥಾ 1902ರಾಗ ಬೋಸ್ಟನ್ ಊರಾಗ ಒಬ್ಬ ಪಾದ್ರಿ ಶುರು ಮಾಡಿದ್ದಂತ. ಶ್ರೀಮಂತರು ಬಿಟ್ಟ ಸಾಮಾನು ಬಡವರ ಕೈಲೆ ರಿಪೇರಿ ಮಾಡಿಸಿ ಮಾರಿ, ಅದರ ಪಗಾರ ಅವರಿಗೇ ಕೊಡೋದು. ಕೇಳಿ ಖುಷಿ ಆಯ್ತು. ಬೆಂಗಳೂರಾಗ ಮಾಡಿದ್ರ ಫ್ಯಾಷನ್, ಅಫಜಲಪುರದಾಗ ಮಾಡಿದ್ರ ಗತಿಗೇಡಿ ಅಂತ ನಾನು ಅಂದೆ. ಆಕಿ ನಕ್ಕಳು.

ಅಂದ್ಹಂಗ, ಆ ಕಡಿ ದೇಶದವರು ಬಿಟ್ಟ ಉಣ್ಣಿ ಅರಬಿ ಗುಜರಾತಿನ ಕಾಂಡ್ಲಾ ಬಂದರಿಗಿ ಇಳದು ಹರಿಯಾಣದ ಪಾಣಿಪತ್ ಊರಿಗಿ ಹೋಗ್ತದ. ಅಲ್ಲಿ ಅದನ್ನ ಹರದು ನೂಲು ಮಾಡಿ ಕಂಬಳಿ ನೇಯ್ತಾರ. ಮಹಾಪೂರ ಬಂದಾಗ ಹಂಚೋ ಬೂದಿ ಬಣ್ಣದ ಒರಟು ಕಂಬಳಿ ನೋಡೀರಲ್ಲ, ಆ ಜಾತಿಯವು ಹಿಂಗ ಆಗ್ತಾವ. ಯಾವನೋ ದೊರಿ ಹಾಕಿದ ಕೋಟು ಹೊಚ್ಚಿಕೊಂಡು ನಮ್ಮ ಭೀಮಾ ದಂಡಿ ರೈತ ಗಂಜಿ ಕೇಂದ್ರದಾಗ ಮಲಗ್ಯಾನ, ಗೊತ್ತೇ ಇಲ್ಲ.

ಫ್ಲೆಕ್ಸ್ ಬಗ್ಗೆ ಹೇಳದಿದ್ರ ಈ ಬರಹ ಪೂರಾ ಆಗಂಗಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸ್ ಕರ್ನಾಟಕದಾಗ 2016ರಾಗೇ ಬಂದ್ ಆಗ್ಯಾದ, ಕಾಗದದ ಮ್ಯಾಲ. ಆದ್ರ ಯಾವ ಇಲೆಕ್ಷನ್ ಆದ್ರೂ, ಯಾರ ಹುಟ್ಟುಹಬ್ಬ ಆದ್ರೂ, ಮುಗದ ಮರುದಿನ ಅವು ನಮ್ಮ ಹೊಲದಾಗ ಕಾಣ್ತಾವ. ಹೊಸ ತಾಡಪಾಲಿನ ರೇಟಿನ ಮುಂದ ಅದು ಪುಕ್ಕಟೆ ಲೆಕ್ಕ. ನನ್ನ ತೊಗರಿ ಬಣವಿ ಮ್ಯಾಲ ಈ ವರ್ಷ ಎರಡು ಪಕ್ಷದ ನಾಯಕರು ಒಬ್ಬರ ಮ್ಯಾಲ ಒಬ್ಬರು ಮಲಗಿದ್ರು, ಜಗಳ ಇಲ್ಲ ತಂಟಿ ಇಲ್ಲ. ಒಂದು ಹನಿ ನೀರೂ ಒಳಗ ಇಳೀಲಿಲ್ಲ. ಅವರಿಂದ ರೈತಗ ಆದ ನೇರ ಉಪಕಾರ ಅಂದ್ರ ಇದೇ ಇರಬೇಕು.

ಈಗ ಲೆಕ್ಕಕ್ಕ ಬರೋಣ. ಎರಡು ವರ್ಷದ ಹಿಂದ ನಾನು 30 ಸ್ಪ್ರಿಂಕ್ಲರ್ ಪೈಪು ತಗೊಂಡೆ, 75 ಎಂ.ಎಂ., 20 ಫೂಟಿನವು. ಅಂಗಡಿಯಾಗ ಹೊಸಾವು ಒಂದಕ್ಕ 750 ಅಂದಿದ್ರು, ಅಂದ್ರ 22,500. ನನಗ ಹಳೇವು 280ರಂಗ 8,400ಕ್ಕ ಬಂದ್ವು. ರಬ್ಬರ್ ರಿಂಗ್, ನಾಕಾರು ಕ್ಲ್ಯಾಂಪ್ ಹೊಸಾವು ಹಾಕಿಸಿದ್ದು 900. ಒಟ್ಟು 9,300. ಉಳದದ್ದು 13,200. ತೊಗರಿಗಿ 2025-26ರ ಬೆಂಬಲ ಬೆಲಿ ಕ್ವಿಂಟಲ್‌ಗಿ 8,000 ಇತ್ತು. ಬಜಾರದಾಗ ಅಷ್ಟು ಸಿಗ್ತದೋ ಇಲ್ಲೋ ಅದು ಬ್ಯಾರೆ ಮಾತು. ಆ ರೇಟಿನಾಗ ಹಿಡದ್ರೂ ಒಂದೂವರಿ ಕ್ವಿಂಟಲ್‌ಗಿಂತ ಹೆಚ್ಚು ತೊಗರಿ ಉಳೀತು. ನನ್ನ ಹೊಲದಾಗ ಮಳಿ ನೆಟ್ಟಗಾದ ವರ್ಷ ಎಕರೆಗಿ ನಾಕು ಕ್ವಿಂಟಲ್ ಬರ್ತದ. 2022ರ ನೆಟಿ ರೋಗದಂಥಾ ವರ್ಷ ಬಂದ್ರ ಅದೂ ಇಲ್ಲ. ಅಂಥಾದ್ರಾಗ ಒಂದೂವರಿ ಕ್ವಿಂಟಲ್ ಅಂದ್ರ ಸಣ್ಣ ಮಾತಲ್ಲ.

ಇಲ್ಲಿ ಒಂದು ಮಾತು ಖಡಾಖಂಡಿತ ಹೇಳ್ತೀನಿ. ಕೃಷಿ ಇಲಾಖೆಯಾಗ ಸ್ಪ್ರಿಂಕ್ಲರಿಗಿ 90 ಪರ್ಸೆಂಟ್ ಸಬ್ಸಿಡಿ ಅದ. ನಿಮ್ಮ ಪಹಣಿ, ಎಫ್.ಐ.ಡಿ. ನೆಟ್ಟಗಿದ್ರ ಮೊದಲು ಅದಕ್ಕ ಅರ್ಜಿ ಹಾಕ್ರಿ, ಹಳೇದರ ಮಾತೇ ಬ್ಯಾಡ. ಆದ್ರ ಎಷ್ಟೋ ಮನಿಯಾಗ ಪಹಣಿ ಇನ್ನೂ ಸತ್ತ ಅಜ್ಜನ ಹೆಸರಿನ್ಯಾಗೇ ಅದ. ಲಾವಣಿ ಮಾಡೋರಿಗಿ ಪಹಣಿನೇ ಇಲ್ಲ. ಒಮ್ಮೆ ತಗೊಂಡವರಿಗಿ ಅದೇ ಜಮೀನಿಗಿ ಏಳು ವರ್ಷ ಮತ್ತ ಸಿಗಂಗಿಲ್ಲ. ಇವರೆಲ್ಲರಿಗೂ ಹಳೀ ಪೈಪೇ ಗತಿ, ಮತ್ತ ಅದು ಒಳ್ಳೆ ಗತಿ.

ಪೈಪು ನೋಡೋದು ಹೆಂಗ? ಬಿಸಲಿಗಿ ಒಯ್ರಿ. ಕರೀ ಬಣ್ಣ ಇದ್ದಂಗೇ ಇರಬೇಕು. ಬೂದಿ ಹಿಡದು ಮ್ಯಾಲ ಸಣ್ಣ ಸಣ್ಣ ಬಿರುಕು ಜಾಲದಂಗ ಕಂಡ್ರ ಬಿಸಲು ತಿಂದದ ಅಂತ ತಿಳೀರಿ. ಪೈಪಿನಾಗ ಕಾರ್ಬನ್ ಕಪ್ಪು ಕೂಡಿಸೋದೇ ಬಿಸಲು ತಡೀಲಾಕ. ಅದು ಸರಿ ಇಲ್ಲದ ಮಾಲು ಎರಡು ಬ್ಯಾಸಗಿಗೇ ಸಾಯ್ತದ. ನಡುವಿಗಿ ಮೊಣಕಾಲು ಕೊಟ್ಟು ಜರಾ ಬಗ್ಗಿಸ್ರಿ. ಚಟ್ ಅನ್ನಬಾರದು. ಐ.ಎಸ್. 14151 ಅಂತ ಅಚ್ಚು ಅದನೋ ನೋಡ್ರಿ, ಸ್ಪ್ರಿಂಕ್ಲರ್ ಪೈಪಿನ ನಂಬರ್ ಅದೇ. ಕ್ಲ್ಯಾಂಪು, ರಬ್ಬರು ಹೋಗಿದ್ರ ಚಿಂತಿ ಬ್ಯಾಡ, ಅವು ಸಿಗ್ತಾವ. ಜೋಡಣಿ ಬಾಯಿ ಅಂಡಾಕಾರ ಆಗಿದ್ರ ಮಾತ್ರ ಬಿಟ್ಟು ಬರ್ರಿ, ಅದು ಯಾವತ್ತೂ ಸೋರ್ತದ.

ಮೋಟರ್ ಇದಕ್ಕಿಂತ ಕಠಿಣ. 2020ರ ಅಕ್ಟೋಬರದಾಗ ಭೀಮಾಗಿ ಮಹಾಪೂರ ಬಂದಾಗ ಅಫಜಲಪುರ, ಜೇವರ್ಗಿ ಹೊಳಿ ದಂಡಿ ಊರಾಗ ಎಷ್ಟು ಪಂಪ್‌ಸೆಟ್ ನೀರಾಗ, ರಾಡಿಯಾಗ ಮುಳುಗಿದ್ವು ನಿಮಗ ನೆನಪದ. 2025ರ ಸೆಪ್ಟೆಂಬರದಾಗ ಉಜನಿ ನೀರು ಬಿಟ್ಟಾಗ ಮತ್ತ ಅದೇ ಕತಿ. ಇಂಥಾ ಪ್ರತಿ ಮಹಾಪೂರ ಆದ ಮ್ಯಾಲ ಆರು ತಿಂಗಳು ಹಳೀ ಬಜಾರಕ್ಕ ಮೋಟರಿನ ಸುಗ್ಗಿ ಬರ್ತದ. ಹೊಸ ಪೇಂಟ್ ಹೊಡದು ಥಳಥಳ ಹೊಳೀತಾವ. ಹಳೀ ಮೋಟರಿಗಿ ಹೊಸ ಪೇಂಟ್ ಕಂಡ್ರ ನನಗ ಮೊದಲು ಸಂಶಯ. ಜಂಗು ತಿಂದ ಮೋಟರೇ ಮೇಲು, ಅದು ಸುಳ್ಳು ಹೇಳಂಗಿಲ್ಲ.

ಹೊಳಿ ನೀರು ಕುಡದ ಮೋಟರ್ ತಗೋಬಾರದು ಅಂತಲ್ಲ. ಒಣಗಿಸಿ, ರಿವೈಂಡಿಂಗ್ ಮಾಡಿ, ಬೇರಿಂಗ್ ಬದಲಿಸಿದ್ರ ಮತ್ತ ಹತ್ತು ವರ್ಷ ದುಡೀತದ. ಆದ್ರ ಆ ಖರ್ಚು ರೇಟಿನಾಗ ಮುರೀಬೇಕು. ಶಾಫ್ಟ್ ಕೈಲೆ ತಿರಗಿಸ್ರಿ, ಗರಗರ ಅಂದ್ರ ಬೇರಿಂಗ್ ಹೋಗ್ಯಾದ. ಮ್ಯಾಲ ಕೆಳಗ ಅಲುಗಾಡಿಸ್ರಿ. ಟರ್ಮಿನಲ್ ಡಬ್ಬಿ ಬಿಚ್ಚಿಸಿ ಮೂಗು ಹಚ್ರಿ, ಸುಟ್ಟ ವಾಸನಿ ಬಂದ್ರ ವೈಂಡಿಂಗ್ ಸತ್ತದ. ಒಳಗ ಸಂದ್ಯಾಗ ಹೊಳಿ ರಾಡಿ ಬೂದಿಯಂಗ ಕುಂತಿರ್ತದ, ಬಟ್ಟ ಹಾಕಿದ್ರ ಕೈಗಿ ಹತ್ತತದ. ಆಮ್ಯಾಲ ಕರೆಂಟ್ ಕೊಟ್ಟು, ಲೋಡ್ ಹಾಕಿ, ಟಾಂಗ್ ಟೆಸ್ಟರಿಲೆ ಆಂಪಿಯರ್ ನೋಡಿಸ್ರಿ. ಮೂರೂ ಫೇಸಿನಾಗ ಹೆಚ್ಚು ಕಮ್ಮಿ ಒಂದೇ ಇರಬೇಕು, ನೇಮ್‌ಪ್ಲೇಟ್ ಮ್ಯಾಲ ಬರದದ್ದಕ್ಕಿಂತ ಹೆಚ್ಚಾಗಬಾರದು. ನೇಮ್‌ಪ್ಲೇಟೇ ಕಿತ್ತಿದ್ರ? ಆ ಮೋಟರ್ ಬಗ್ಗೆ ಕೆಳಗ ಹೇಳ್ತೀನಿ.

ನೀಲಿ ಪ್ಲಾಸ್ಟಿಕ್ ಡ್ರಮ್ಮು, 200 ಲೀಟರಿನವು, ನಾನು ನಾಕು ತಂದೀನಿ. ಜೀವಾಮೃತ ಮಾಡ್ಲಾಕ ಬರೋಬ್ಬರಿ ಅಳತಿ: ಒಂದು ಡ್ರಮ್ ನೀರಿಗಿ 10 ಕೆ.ಜಿ. ಸಗಣಿ, 10 ಲೀಟರ್ ಗಂಜಳ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಆದ್ರ ಆ ಡ್ರಮ್ ಕುಡಿಯೋ ನೀರಿಗಿ, ಕಾಳಿಗಿ, ದನದ ನೀರಿಗಿ ಇಡಬ್ಯಾಡ್ರಿ. ಕಾರಖಾನಿಯಾಗ ಅದರೊಳಗ ಏನು ತುಂಬಿದ್ರು ಅನ್ನೋದು ಮಾರೋ ಚಾಚಾಗೂ ಗೊತ್ತಿರಂಗಿಲ್ಲ. ನೂರು ಸಲ ತೊಳದ್ರೂ ಪ್ಲಾಸ್ಟಿಕ್ ಒಳಗ ಹೀರಿದ್ದು ಹೋಗಂಗಿಲ್ಲ.

ಹಳೀ ಟ್ರ್ಯಾಕ್ಟರ್ ವಿಷಯ ನನ್ನ ನಾಕೂವರಿ ಎಕರೆಗಿ ಮೀರಿದ್ದು, ಅದಕ್ಕ ಚಿಕ್ಕದಾಗಿ ಹೇಳಿ ಮುಂದ ಹೋಗ್ತೀನಿ. ಇಂಜಿನ್ ನೋಡೋಕಿಂತ ಮೊದಲು ಕಾಗದ ನೋಡ್ರಿ. ಆರ್.ಸಿ.ಯಾಗ ಬ್ಯಾಂಕಿನ ಹೆಸರು ಇದ್ರ ಸಾಲ ತೀರಿದ ಎನ್.ಒ.ಸಿ., ಫಾರ್ಮ್ 35 ಬೇಕು. ಮಾರೋದಕ್ಕ ಫಾರ್ಮ್ 29, ಹೆಸರು ಬದಲಿಗಿ ಫಾರ್ಮ್ 30. “ಹೆಸರು ಆಮ್ಯಾಲ ಮಾಡಿಕೊಂಡ್ರಾಯ್ತು” ಅಂದವನ ಟ್ರ್ಯಾಕ್ಟರ್ ಎಷ್ಟು ಸೋವಿ ಇದ್ರೂ ಬ್ಯಾಡ. ನಾಳೆ ಅಪಘಾತ ಆದ್ರ ಮಾರಿದವನ ಕುತ್ತಿಗಿಗೂ ಬಂತು, ತಗೊಂಡವನ ಕುತ್ತಿಗಿಗೂ ಬಂತು.

ಈಗ ಆ ಖಾರದ ಮಾತು. ಸೋವಿ ಯಾಕ ಸೋವಿ ಅದ?

ಒಂದು ಸಾಮಾನು ಸೋವಿ ಆಗೋದಕ್ಕ ಕಾರಣ ಇರ್ತದ. ಮಾಲಕಗ ಅದು ಬ್ಯಾಡಾಗಿರ್ತದ. ಎತ್ತು ಮಾರಿ ಟ್ರ್ಯಾಕ್ಟರ್ ಭಾಡಗಿಗಿ ಹಿಡದ, ಕುಂಟಿ ಮೂಲಿ ಸೇರ್ತು, ಮಾರಿದ. ಇದು ಚೊಲೋ ಸೋವಿ. ಅವನ ಮನಿ ಮೂಲಿ ಖಾಲಿ ಆಯ್ತು, ನನ್ನ ಕೆಲಸ ಆಯ್ತು. ಆದ್ರ ಇನ್ನೂ ಎರಡು ನಮೂನಿ ಸೋವಿ ಅದಾವ.

ಒಂದು, ಕಳವಿನ ಸೋವಿ. ಹೊಳಿ ದಂಡಿ, ಬಾವಿ ದಂಡಿ ಕೇಬಲ್ ಕಳವು ನಮಗ ಹೊಸಾದಲ್ಲ. ರಾತ್ರಿ ಕೊಯ್ದು, ಮ್ಯಾಲಿನ ರಬ್ಬರ್ ಸುಟ್ಟು ತಾಮ್ರ ಮಾರ್ತಾರ. ಸುಡದೇ ಇದ್ದದ್ದು ಸುರುಳಿ ಸುತ್ತಿ ಅರ್ಧ ರೇಟಿಗಿ ನಮ್ಮ ಹತ್ರನೇ ಬರ್ತದ. ಹೋದ ವರ್ಷ ಒಬ್ಬ ಪೋರ ಬೈಕ್ ಮ್ಯಾಲ ಬಂದು ನೂರು ಮೀಟರ್ ಕೇಬಲ್ ತೋರಿಸಿದ. “ಕಾಕಾ, ಅರ್ಧ ರೇಟ್.” ಯಾರದಪ್ಪಾ ಅಂತ ಕೇಳಿದೆ. “ನಿನಗ ಕೇಬಲ್ ಬೇಕೋ ಮಾಲಕ ಬೇಕೋ” ಅಂದ. ಚಹಾನೂ ಕೊಡದೇ ಕಳಿಸಿದೆ. ನೇಮ್‌ಪ್ಲೇಟ್ ಕಿತ್ತ ಮೋಟರ್ ಅಂದ್ನಲ್ಲ, ಅದೂ ಇದೇ ಜಾತಿ. ಹೆಸರು ಅಳಸಬೇಕಾದ್ರ ಕಾರಣ ಇರಬೇಕಲ್ಲ. ಭಾರತೀಯ ನ್ಯಾಯ ಸಂಹಿತೆ ಕಲಂ 317ರ ಪ್ರಕಾರ, ಕಳವಿನ ಮಾಲು ಅಂತ ಗೊತ್ತಿದ್ದು ಅಥವಾ ಹಂಗ ನಂಬಲು ಕಾರಣ ಇದ್ದೂ ತಗೊಂಡವಗೂ ಮೂರು ವರ್ಷದ ತನಕ ಜೈಲು ಅದ. ಅರ್ಧ ರೇಟೇ ಒಂದು ಕಾರಣ ಅಂತ ಪೊಲೀಸರು ಹೇಳಬಹುದು. ಕಾನೂನು ಬಿಡ್ರಿ. ನಾವು ತಗೋಳದಿದ್ರ ಅವ ಯಾರಿಗಿ ಮಾರ್ತಾನ? ನಮ್ಮ ಕೇಬಲ್ ಕೊಯ್ಯೋ ಕಳ್ಳಗ ಗಿರಾಕಿ ನಾವೇ ಆದ್ರ ಠಾಣೆಗಿ ಹೋಗಿ ಕುಂತು ಏನ್ ಉಪಯೋಗ.

ಎರಡನೇದು ಸಂಕಟದ ಸೋವಿ. ಇದಕ್ಕ ಕಲಂ ಇಲ್ಲ.

ಮಹಾಪೂರ ಇಳದ ಮ್ಯಾಲ, ದಸರಾ ಮುಗದು ಹದಿನೈದು ದಿನಕ್ಕ, ನಾನು ಒಂದು ಸಂತಿಗಿ ಹೋಗಿದ್ದೆ. ಜೇವರ್ಗಿ ಕಡಿ ಒಬ್ಬ ರೈತ, ನನ್ನ ವಾರಿಗಿಯವನೇ, ಎತ್ತಿನ ಸಾಮಾನು ಎಲ್ಲಾ ಇಟ್ಟುಕೊಂಡು ಕುಂತಿದ್ದ. ನೊಗ, ಕುಂಟಿ, ಎರಡು ಎಡಿಕುಂಟಿ, ಮಿಣಿ, ಕಟ್ಟಿಗಿ ಕೂರಗಿ. ಎಲ್ಲಾ ಸೇರಿ ಒಂಬತ್ತು ಸಾವಿರ ಅಂತಿದ್ದ. ಒಬ್ಬ ದಲ್ಲಾಳಿ ನಾಕಕ್ಕ ನಿಂತಿದ್ದ, ಮುಂಜಾನಿಯಿಂದ ಅಲ್ಲೇ ಸುತ್ತಾಡ್ಲತ್ತಿದ್ದ. ಹೊತ್ತು ಇಳಿದಂಗ ರೇಟ್ ಇಳೀತದ ಅಂತ ಅವಗ ಗೊತ್ತು. ಎತ್ತು ಹಿಂದಿನ ವಾರನೇ ಹೋಗಿದ್ವಂತ. ತೊಗರಿ, ಹತ್ತಿ ಎರಡೂ ನೀರಾಗ ನಿಂತು ಕೊಳ್ತಿದ್ವಂತ. ಅಷ್ಟೇ ಹೇಳಿದ. ನಾನೂ ಮುಂದ ಕೇಳಿಲ್ಲ.

ಕೂರಗಿ ಮ್ಯಾಲಿನ ಬೀಜದ ಬಟ್ಟಲ ಮಾತ್ರ ಅವ ಟವೆಲಿನಾಗ ಸುತ್ತಿ ತೊಡಿ ಮ್ಯಾಲ ಇಟ್ಟುಕೊಂಡಿದ್ದ. ಅದು ಮಾರಂಗಿಲ್ಲ ಅಂದ. ನಮ್ಮಲ್ಲಿ ಬಿತ್ತಗಿ ಮೊದಲು ಕೂರಗಿಗಿ ಸೀರಿ ಉಡಿಸಿ, ಹಸರು ಬಳಿ ಇಟ್ಟು, ಉಡಿ ತುಂಬ್ತೀವಲ್ಲ. ಬಟ್ಟಲ ಇಲ್ಲದ ಕೂರಗಿ ಬರೇ ಕಟ್ಟಿಗಿ. ಅವಗೂ ಗೊತ್ತು, ನಮಗೂ ಗೊತ್ತು. ದಲ್ಲಾಳಿ ಅದಕ್ಕೂ 500 ಕಡಿಮಿ ಮಾಡು ಅಂದ.

ನಾನು ಎಡಿಕುಂಟಿ ಎರಡೂ ಅವ ಹೇಳಿದ ರೇಟಿಗೇ ತಗೊಂಡೆ. ಮಗ್ಗಲಕಿದ್ದ ಇನ್ನೊಬ್ಬರು ನೊಗ, ಮಿಣಿ ತಗೊಂಡ್ರು. ಮನಿಗಿ ಬಂದು ಹೇಳಿದಾಗ ನನ್ನ ಹೆಂಡತಿ ತಮ್ಮ, ಆಳಂದ ಕಡಿಯವ, ಬೈದ. “ಭಾವಾ, ಸಂತಿಗಿ ಹೋದ್ರ ಸಂತಿ ಮಾಡ್ಬೇಕು, ದಾನ ಧರ್ಮ ಮಾಡೋದಾದ್ರ ಮಠಕ್ಕ ಹೋಗು. ನೀ ಹೆಚ್ಚು ಕೊಟ್ರ ಅವನ ಹೊಲದ ನೀರು ಇಳೀತದೇನು?” ಅವನ ಮಾತಿನಾಗ ತೂಕ ಅದ, ಇಲ್ಲ ಅನ್ನಂಗಿಲ್ಲ. ಅವನೂ ಆರು ಎಕರೆ ರೈತ, ಅವನ ರೊಕ್ಕನೂ ಬೆವರಿಂದೇ.

ಆದ್ರ ನನ್ನ ಲೆಕ್ಕ ಬ್ಯಾರೆ. ನಾನು ದಾನ ಮಾಡ್ಲಿಲ್ಲ. ಆ ಎಡಿಕುಂಟಿ ಆ ಬೆಲಿಗಿ ಬಾಳ್ತಿದ್ವು. ಭಂಗಾರ ಚಾಚಾನ ಜೋಡಿ ನಾನು ಎಳದಾಡ್ತೀನಿ, ಯಾಕಂದ್ರ ಅವಗ ಇವತ್ತು ಮಾರದಿದ್ರ ನಾಳೆ ಅದ, ತೂಕದ ರೇಟ್ ನನಗಿಂತ ಅವಗೇ ಚೊಲೋ ಗೊತ್ತು. ಇಬ್ಬರೂ ಸಮ ಸಮ. ಸಂತಿಯಾಗ ಕುಂತ ಆ ರೈತಗ ನಾಳೆ ಇಲ್ಲ. ಸಂಜಿ ಬಸ್ಸಿನ ಒಳಗ ರೊಕ್ಕ ಬೇಕು. ಅಲ್ಲಿ ಎಳದಾಡಿದ್ರ ನಾನು ಸಾಮಾನಿಗಿ ಬೆಲಿ ಕಟ್ಟಿದಂಗಲ್ಲ, ಅವನ ಅವಸರಕ್ಕ ಬೆಲಿ ಕಟ್ಟಿದಂಗ. ನಾಳೆ ಉಜನಿ ನೀರು ನನ್ನ ಕಡಿ ತಿರುಗಿದ್ರ ಅದೇ ಜಾಗದಾಗ ನಾನು ಕುಂತಿರ್ತೀನಿ.

ಒಂದು ವಿಷಯ ಭಾಳ ಮಂದಿಗಿ ಗೊತ್ತಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಕಲಂ 60. ಸಾಲದ ಡಿಕ್ರಿ ಆದ್ರೂ ರೈತನ ಒಕ್ಕಲುತನದ ಸಾಮಾನು, ಅವನ ಬದುಕಿಗಿ ಬೇಕಾದಷ್ಟು ದನ, ಬಿತ್ತನಿ ಬೀಜ, ಇವನ್ನ ಕೋರ್ಟ್ ಜಪ್ತಿ ಮಾಡಂಗಿಲ್ಲ. ಇಂಗ್ರಜಿಯವರ ಕಾಲದ ಕಾನೂನಿಗೂ ತಿಳದಿತ್ತು, ಕುಂಟಿ ಕಸಗೊಂಡ್ರ ಅವ ಮುಂದಿನ ವರ್ಷ ಸಾಲ ಹೆಂಗ ತೀರಿಸ್ತಾನ ಅಂತ. ಆದ್ರ ಅಡವಿಟ್ಟು ತಂದ ಟ್ರ್ಯಾಕ್ಟರಿಗಿ ಈ ಆಸರಾ ಸಿಗಂಗಿಲ್ಲ. ಕಂತು ತಪ್ಪಿದ್ರ ಎಳಕೊಂಡು ಹೋಗಿ ಯಾರ್ಡಿನಾಗ ನಿಲ್ಲಿಸ್ತಾರ. ಆ ಯಾರ್ಡಿನಾಗ ಸೋವಿ ಟ್ರ್ಯಾಕ್ಟರ್ ಸಿಗ್ತಾವ ಅಂತ ಹುಡುಗರು ಹೋಗ್ತಾರ. ಹೋಗ್ರಿ, ತಪ್ಪಲ್ಲ. ಆದ್ರ ಅಲ್ಲಿ ಸಾಲಾಗಿ ನಿಂತ ಟ್ರ್ಯಾಕ್ಟರಿನ ಮುಂದಿನ ಗಾಜಿನ ಮ್ಯಾಲ ಬರದ ಹೆಸರು ಓದ್ರಿ. ಮಗಳ ಹೆಸರು, ಮನಿ ದೇವರ ಹೆಸರು. ಪೇಢಾ ಹಂಚಿ ಮೂರು ವರ್ಷನೂ ಆಗಿರಂಗಿಲ್ಲ. ಅದಕ್ಕೇ ನಾನು ಹೊಸ ಸಾಲಕ್ಕಿಂತ ಹಳೀ ಕುಂಟಿ ಮೇಲು ಅನ್ನೋದು. ನನ್ನ ಕುಂಟಿ ಮ್ಯಾಲ ಯಾವ ಕಂತೂ ಇಲ್ಲ. ವರ್ಷದಾಗ ಹತ್ತು ದಿನ ಬೇಕಾಗೋ ದೊಡ್ಡ ಮಷಿನಿಗಿ ಕೃಷಿ ಯಂತ್ರಧಾರೆ ಕೇಂದ್ರ ಅದ, ಭಾಡಗಿಗಿ ತರ್ರಿ. ಸರತಿ ಸಿಗೋದು ತಡ ಆಗ್ತದ, ಒಪ್ತೀನಿ. ಕಂತಿಗಿಂತ ತಡ ಮೇಲು.

ನನ್ನ ತಲಿಯಾಗ ಒಂದು ವಿಚಾರ ಅದ. ಪ್ರತಿ ಹೋಬಳಿಯಾಗ, ಯುಗಾದಿ ಆಗಿ ಮುಂಗಾರು ಬರೋದ್ರೊಳಗ ಒಂದು ದಿನ, ರೈತರ ಹಳೀ ಸಾಮಾನಿನ ಸಂತಿ ಯಾಕ ಮಾಡಬಾರದು? ದಲ್ಲಾಳಿ ಇಲ್ಲ, ಕಮಿಷನ್ ಇಲ್ಲ. ಸಾಲಿ ಮೈದಾನ ಸಾಕು. ಮೂಲ್ಯಾಗ ಬಿದ್ದ ಕುಂಟಿ, ಪೈಪು, ಸ್ಪ್ರೇ ಪಂಪು ತಂದು ಇಡೋದು. ಒಂದು ಚೀಟಿ ಮ್ಯಾಲ ಮಾರಿದವನ ಹೆಸರು, ಊರು, ಏನು ರಿಪೇರಿ ಆಗ್ಯಾದ, ಎಷ್ಟಕ್ಕ ಮಾರಿದ, ಇಬ್ಬರ ಸಹಿ. ಆ ಚೀಟಿ ಇದ್ರ ಕಳವಿನ ಮಾಲು ಅಲ್ಲಿ ಬರಂಗಿಲ್ಲ. ಒಬ್ಬ ಕಂಬಾರ, ಒಬ್ಬ ಮೋಟರ್ ವೈಂಡಿಂಗ್ ಮಾಡೋನು ಕುಂತಿದ್ರ ನೋಡಿ ಹೇಳ್ತಾರ, ಅವರಿಗೂ ನಾಕು ಕೆಲಸ ಸಿಗ್ತದ. ಹೈದರಾಬಾದಿನಾಗ ಜುಮ್ಮೇರಾತ್ ಬಜಾರ್ ಅಂತ ಗುರುವಾರದ ಹಳೀ ಸಾಮಾನಿನ ಸಂತಿ ಎಷ್ಟೋ ಕಾಲದಿಂದ ನಡದದ. ಶಹರದವರಿಗಿ ಬೇಕಾದ್ರ ನಮಗ ಬ್ಯಾಡೇನು?

ಸಂಕಟಕ್ಕ ಮಾರೋರಿಗಿ ಇನ್ನೊಂದು ಪದ್ಧತಿ ಹಾಕಬಹುದು. ತಗೊಂಡಾವ ಒಂದು ಹಂಗಾಮು ಇಟ್ಟುಕೊಳ್ಳೋದು. ಅಷ್ಟರಾಗ ಮಾರಿದಾವ ರೊಕ್ಕ ತಂದ್ರ ಅದೇ ರೇಟಿಗಿ ತಿರುಗಿ ಕೊಡೋದು. ದುಡಿಸಿಕೊಂಡದ್ದೇ ಬಡ್ಡಿ. ನಮ್ಮ ಅಪ್ಪನ ಕಾಲಕ್ಕ ಎತ್ತಿನ ವಿಷಯದಾಗ ಹಿಂಗ ಮಾತಿನ ಮ್ಯಾಲ ನಡೀತಿತ್ತು. ನಾನು ಆ ಎಡಿಕುಂಟಿ ತಗೊಂಡಾಗ ಜೇವರ್ಗಿ ರೈತಗ ಇದನ್ನೇ ಹೇಳಿ ನಂಬರ್ ಕೊಟ್ಟೀನಿ. ಮುಂಗಾರಿನ ತನಕ ಅವು ನಮ್ಮ ಕೊಟಗಿಯಾಗ ಇರ್ತಾವ. ಅವ ಫೋನ್ ಮಾಡ್ತಾನೋ ಇಲ್ಲೋ ನೋಡ್ಬೇಕು.

ಸಂತಿ ವಿಚಾರ ಒಪ್ಪಿಗಿ ಆದವರು ನಮ್ಮ ಹೋಬಳಿಯಿಂದಲೇ ಶುರು ಮಾಡೋಣ ಬರ್ರಿ. ನನ್ನ ಕಡಿಯಿಂದ ಒಂದು 3 ಎಚ್‌ಪಿ ಮೋಟರ್ (2020ರ ಹೊಳಿ ನೀರು ಕುಡದದ್ದು, ರಿವೈಂಡಿಂಗ್ ಆಗ್ಯಾದ, ನೇಮ್‌ಪ್ಲೇಟ್ ಅದ), ಆರು ಸ್ಪ್ರಿಂಕ್ಲರ್ ಪೈಪು, ಒಂದು ಕಣಿಕಿ ಕತ್ತರಿಸೋ ಮಷಿನ್ ಗಾಲಿ. ನನಗ ಬೇಕಾದದ್ದು ಎರಡು ಎತ್ತಿನ ಗಾಡಿ ಟೈರು ಮತ್ತ, ಯಾರ ಹತ್ರನಾದ್ರೂ ಇದ್ರ, ಕೂರಗಿ ಮ್ಯಾಲಿನ ಹಳೀ ಕಟ್ಟಿಗಿ ಬಟ್ಟಲ. ರೇಟ್ ಇಲ್ಲಿ ಬರಿಯಂಗಿಲ್ಲ. ಮನಿಗಿ ಬರ್ರಿ, ಚಹಾ ಕುಡದು ಮಾತಾಡೋಣ.